ರಹದಾರಿ ಯಾರ ಕೈಯಲ್ಲಿ?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಬಂಧುಗಳ ಮಕ್ಕಳಲ್ಲಿಯೂ ಹಲವರು ಈಗ ಹೊರದೇಶಗಳಲ್ಲಿ ನೆಲೆಸಿದ್ದಾರೆ. ಅವರು ಊರಿಗೆ ಬಂದಾಗಲೆಲ್ಲ ಮಾತು ಎಲ್ಲಿಂದ ಆರಂಭವಾದರೂ ಕಡೆಗೆ ವೀಸಾದ ವಿಷಯಕ್ಕೆ ಬಂದು ನಿಲ್ಲುತ್ತದೆ. ಯಾರದು ನವೀಕರಣವಾಯಿತು, ಯಾರದು ತಿರಸ್ಕೃತವಾಯಿತು, ಗ್ರೀನ್ ಕಾರ್ಡಿನ ಸರದಿ ಎಷ್ಟು ಮುಂದೆ ಸರಿಯಿತು ಎಂಬ ಮಾತುಗಳನ್ನು ಕೇಳುತ್ತ ಕುಳಿತಾಗ, ಈ ಕಾಗದಕ್ಕೂ ಒಂದು ಇತಿಹಾಸವಿದೆಯಲ್ಲ, ಅದನ್ನು ಒಮ್ಮೆ ಬರೆಯಬೇಕು ಎನ್ನಿಸುತ್ತಿತ್ತು. ಅದರಲ್ಲಿಯೂ ಉದ್ಯೋಗಕ್ಕಾಗಿ ಹೋದವರ ಕಾಗದಕ್ಕಿಂತ ಹೆಚ್ಚಾಗಿ, ನೆಲೆ ಕಳೆದುಕೊಂಡು ಓಡಿಬಂದವರಿಗೂ ಪರದೇಶದಲ್ಲಿ ಅಪರಾಧಕ್ಕೆ ಬಲಿಯಾದವರಿಗೂ ಕೊಡುವ ರಕ್ಷಣೆಯ ಕಾಗದದ ಕಥೆ ನನ್ನನ್ನು ಬಹುಕಾಲದಿಂದ ಕಾಡಿದೆ.

ಆಶ್ರಯ ಬೇಡಿ ಬಂದವನನ್ನು ಏನು ಮಾಡಬೇಕೆಂಬ ಪ್ರಶ್ನೆ ನಮಗೆ ಹೊಸದಲ್ಲ. ವಿಭೀಷಣನು ಲಂಕೆಯನ್ನು ತೊರೆದು ಸಮುದ್ರದ ಈಚೆಯ ದಡಕ್ಕೆ ಬಂದಾಗ ನಡೆದ ಚರ್ಚೆಯನ್ನು ನೆನಪಿಸಿಕೊಳ್ಳಿ. ಇವನು ಶತ್ರುವಿನ ತಮ್ಮ, ಗೂಢಚಾರನೂ ಆಗಿರಬಹುದು ಎಂದು ಸುಗ್ರೀವನು ಶಂಕಿಸಿದನು. ಇವನ ಮಾತಿನಲ್ಲಿ ಕಪಟ ಕಾಣುವುದಿಲ್ಲವೆಂದು ಹನುಮಂತನು ವಾದಿಸಿದನು. ಎಲ್ಲರನ್ನೂ ಕೇಳಿ ರಾಮನು ಅಭಯವಿತ್ತನು. ಇಂದು ಆಶ್ರಯ ಕೋರುವವರ ವಿಚಾರಣೆಯಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ: ಒಬ್ಬನು ಶಂಕಿಸುತ್ತಾನೆ, ಒಬ್ಬನು ಸಾಕ್ಷ್ಯ ನುಡಿಯುತ್ತಾನೆ, ಒಬ್ಬನು ತೀರ್ಮಾನಿಸುತ್ತಾನೆ. ವ್ಯತ್ಯಾಸವೆಂದರೆ ವಿಭೀಷಣನನ್ನು ಯಾರೂ ರಹದಾರಿ ಕೇಳಲಿಲ್ಲ.

ರಹದಾರಿ ಕೇಳುವ ಕಾಲ ಒಂದನೆಯ ಮಹಾಯುದ್ಧದೊಂದಿಗೆ ಬಂದಿತು. ಅದಕ್ಕೆ ಮೊದಲು ಯೂರೋಪಿನ ಬಹುಭಾಗದಲ್ಲಿ ಪಾಸ್‌ಪೋರ್ಟ್ ಇಲ್ಲದೆಯೇ ಓಡಾಡಬಹುದಾಗಿತ್ತು. ಯುದ್ಧವು ಎಲ್ಲ ಗಡಿಗಳಿಗೂ ಕಾವಲು ಹಾಕಿತು. ಅಷ್ಟರಲ್ಲಿ ರಷ್ಯಾದಲ್ಲಿ ಕ್ರಾಂತಿ ಮತ್ತು ಅಂತರ್ಯುದ್ಧ ನಡೆದು ಲಕ್ಷಾಂತರ ಜನ ದೇಶ ಬಿಟ್ಟು ಓಡಿದರು. 1921ರ ಡಿಸೆಂಬರಿನಲ್ಲಿ ಸೋವಿಯತ್ ಸರ್ಕಾರವು ಹೀಗೆ ಹೊರಗಿದ್ದವರ ಪೌರತ್ವವನ್ನೇ ಕಿತ್ತುಹಾಕುವ ಆಜ್ಞೆ ಹೊರಡಿಸಿತು. ಒಂದೇ ಲೇಖನಿಯ ಗೀಟಿನಿಂದ ಲಕ್ಷಗಟ್ಟಲೆ ಜನರಿಗೆ ‘ನಮ್ಮ ದೇಶ’ ಎಂಬುದೇ ಇಲ್ಲವಾಯಿತು. ಇದ್ದ ಊರಿನಲ್ಲಿರಲು ಪತ್ರವಿಲ್ಲ, ಮುಂದಿನ ಊರಿಗೆ ಹೋಗಲೂ ಪತ್ರವಿಲ್ಲ.

ನಾನು ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ರಾಷ್ಟ್ರಸಂಘವೆಂದರೆ ‘ಅದರ ವೈಫಲ್ಯಕ್ಕೆ ಕಾರಣಗಳನ್ನು ಬರೆಯಿರಿ’ ಎಂಬ ಐದು ಅಂಕದ ಪ್ರಶ್ನೆಯಾಗಿತ್ತು. ನಿಮ್ಮಲ್ಲಿ ಅನೇಕರು ಆ ಕಾರಣಗಳನ್ನು ಕಂಠಪಾಠ ಮಾಡಿ ಅಂಕ ಗಳಿಸಿದ್ದೀರಿ. ಆದರೆ ಆ ಸಂಘವು ಮಾಡಿದ ಒಂದು ಸಾರ್ಥಕ ಕಾರ್ಯಕ್ಕೆ ಪಠ್ಯಪುಸ್ತಕದಲ್ಲಿ ಸ್ಥಳವಿರಲಿಲ್ಲ. ಗ್ರೀನ್‌ಲೆಂಡಿನ ಹಿಮವನ್ನು 1888ರಲ್ಲಿ ಹಾದುಹೋದ ನಾರ್ವೆಯ ಸಾಹಸಿ ಫ್ರಿಟ್ಯೋಫ್ ನಾನ್ಸೆನ್ ಅವರನ್ನು 1921ರಲ್ಲಿ ಅದು ನಿರಾಶ್ರಿತರ ಹೈಕಮಿಷನರನ್ನಾಗಿ ನೇಮಿಸಿತು. 1922ರ ಜುಲೈ ತಿಂಗಳಲ್ಲಿ ಜಿನೀವಾದಲ್ಲಿ ಸೇರಿದ ಸಭೆಯು ದೇಶವಿಲ್ಲದವರಿಗಾಗಿ ಒಂದು ಗುರುತಿನ ಪತ್ರವನ್ನು ಒಪ್ಪಿಕೊಂಡಿತು. ಜನ ಅದನ್ನು ‘ನಾನ್ಸೆನ್ ಪಾಸ್‌ಪೋರ್ಟ್’ ಎಂದು ಕರೆದರು. 1924ರಲ್ಲಿ ಅದು ಅರ್ಮೇನಿಯನ್ನರಿಗೂ, 1928ರಲ್ಲಿ ಅಸ್ಸೀರಿಯನ್ನರೇ ಮೊದಲಾದವರಿಗೂ ವಿಸ್ತರಿಸಿತು. ಐವತ್ತಕ್ಕೂ ಹೆಚ್ಚು ಸರ್ಕಾರಗಳು ಅದನ್ನು ಮಾನ್ಯ ಮಾಡಿದವು. ಸುಮಾರು 4,50,000 ಪತ್ರಗಳು ಹಂಚಿಕೆಯಾದವು. ಸಂಗೀತಕಾರ ಸ್ಟ್ರಾವಿನ್‌ಸ್ಕಿ, ಲೇಖಕ ನಬೊಕೊವ್, ಚಿತ್ರಕಾರ ಶಗಾಲ್ ಇವರೆಲ್ಲ ಒಂದು ಕಾಲಕ್ಕೆ ಆ ಪತ್ರ ಹಿಡಿದು ಓಡಾಡಿದವರೇ. ಅದು ಪೌರತ್ವವನ್ನು ಕೊಡುತ್ತಿರಲಿಲ್ಲ, ಕೊಟ್ಟ ದೇಶಕ್ಕೆ ಮರಳಿ ಬರುವ ಹಕ್ಕನ್ನೂ ಮೊದಮೊದಲು ಕೊಡುತ್ತಿರಲಿಲ್ಲ. ಆದರೂ ಒಂದು ಹೊಸ ತತ್ತ್ವ ಅದರಲ್ಲಿತ್ತು: ಮನುಷ್ಯನಿಗೆ ಕಾಗದ ಕೊಡಬೇಕಾದ ಸರ್ಕಾರವೇ ಅವನಿಗೆ ವೈರಿಯಾದರೆ, ಆ ಕಾಗದವನ್ನು ಬೇರೊಂದು ಕೈ ಕೊಡಬೇಕು.

ಈ ತತ್ತ್ವವನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದಿನ ನೂರು ವರ್ಷಗಳ ಕಥೆಯೆಲ್ಲ ಇದರ ವಿಸ್ತರಣೆಯೇ.

ತತ್ತ್ವ ಹುಟ್ಟಿದ ಮಾತ್ರಕ್ಕೆ ಆಚರಣೆಗೆ ಬರುವುದಿಲ್ಲ. ಹಿಟ್ಲರನ ಜರ್ಮನಿಯಿಂದ ಓಡಿಬರುತ್ತಿದ್ದ ಯಹೂದಿಗಳ ವಿಷಯವಾಗಿ 1938ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನಿನಲ್ಲಿ 32 ದೇಶಗಳ ಪ್ರತಿನಿಧಿಗಳು ಸೇರಿದರು, ಸಹಾನುಭೂತಿಯ ಭಾಷಣಗಳಾದವು, ಬಾಗಿಲು ತೆರೆದವರು ಬಲು ವಿರಳ. ಮರುವರ್ಷ ‘ಸೇಂಟ್ ಲೂಯಿಸ್’ ಎಂಬ ಹಡಗು 937 ಪ್ರಯಾಣಿಕರೊಡನೆ ಕ್ಯೂಬಾ ತಲುಪಿತು. ಬೆರಳೆಣಿಕೆಯ ಜನರನ್ನು ಬಿಟ್ಟು ಮಿಕ್ಕವರಿಗೆ ಅಲ್ಲಿ ಇಳಿಯಲು ಅಪ್ಪಣೆ ದೊರೆಯಲಿಲ್ಲ, ಅಮೆರಿಕವೂ ಒಪ್ಪಲಿಲ್ಲ, ಫ್ಲೋರಿಡಾದ ತೀರದ ದೀಪಗಳು ಕಾಣುವಷ್ಟು ಹತ್ತಿರ ಬಂದ ಹಡಗು ಯೂರೋಪಿಗೆ ಹಿಂತಿರುಗಿತು. ಅದರಲ್ಲಿದ್ದವರ ಪೈಕಿ 254 ಮಂದಿ ಮುಂದೆ ನಾಜಿಗಳ ಹತ್ಯಾಕಾಂಡದಲ್ಲಿ ಮಡಿದರು. ಯುದ್ಧಾನಂತರ 1951ರ ಜುಲೈ 28ರಂದು ಅಂಗೀಕೃತವಾದ ನಿರಾಶ್ರಿತರ ಒಡಂಬಡಿಕೆಯ ಹಿಂದೆ ಇಂತಹ ಹಡಗುಗಳ ನೆರಳಿದೆ. ಜೀವಕ್ಕೆ ಅಪಾಯವಿರುವ ಸ್ಥಳಕ್ಕೆ ಯಾರನ್ನೂ ಬಲವಂತದಿಂದ ಹಿಂದಕ್ಕೆ ಕಳುಹಿಸಬಾರದು ಎಂಬುದು ಅದರ ಜೀವಾಳ.

ಆದರೆ ಆ ಒಡಂಬಡಿಕೆಯು ನಿರಾಶ್ರಿತನೆಂದರೆ ಯಾರು ಎಂಬುದಕ್ಕೆ ಐದೇ ಕಾರಣಗಳನ್ನು ಎಣಿಸಿತು: ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿರುವುದು ಮತ್ತು ರಾಜಕೀಯ ಅಭಿಪ್ರಾಯ. ಭೂಕಂಪದಲ್ಲಿ ಮನೆ ಕಳೆದುಕೊಂಡವನು ಈ ಪಟ್ಟಿಯಲ್ಲಿಲ್ಲ. ದುಡಿಸಿಕೊಂಡು ಕೂಲಿ ಕೊಡದ ಯಜಮಾನನ ಕೈಗೆ ಸಿಕ್ಕವನು ಇಲ್ಲ. ಹೊಡೆಯುವ ಗಂಡನ ಹೆಂಡತಿಯೂ ನೇರವಾಗಿ ಇಲ್ಲ. ಅಮೆರಿಕವು 1980ರ ನಿರಾಶ್ರಿತರ ಕಾಯ್ದೆಯಲ್ಲಿ ಇದೇ ವ್ಯಾಖ್ಯೆಯನ್ನು ತನ್ನದಾಗಿಸಿಕೊಂಡಿತು. ಪಟ್ಟಿಯಿಂದ ಹೊರಗುಳಿದ ಈ ಮೂವರಿಗೂ ಅಲ್ಲಿ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಒಂದೊಂದಾಗಿ ದಾರಿ ತೆರೆದ ಬಗೆಯನ್ನು ಈಗ ನೋಡೋಣ.

ಮೊದಲನೆಯದು ನೆಲೆ ತಪ್ಪಿದವರ ದಾರಿ. ಎಲ್ ಸಾಲ್ವಡಾರಿನಲ್ಲಿ 1980ರಿಂದ 1992ರವರೆಗೆ ನಡೆದ ಅಂತರ್ಯುದ್ಧದಲ್ಲಿ ಸುಮಾರು 75,000 ಜನ ಸತ್ತರು. ಅಮೆರಿಕಕ್ಕೆ ಓಡಿಬಂದ ಅಲ್ಲಿಯವರ ಆಶ್ರಯದ ಅರ್ಜಿಗಳಲ್ಲಿ 1984ರಲ್ಲಿ ನೂರಕ್ಕೆ ಮೂರು ಕೂಡ ಮಂಜೂರಾಗಲಿಲ್ಲ. ಆ ದೇಶದ ಸರ್ಕಾರ ಅಮೆರಿಕದ ಮಿತ್ರಸರ್ಕಾರವಾಗಿತ್ತು. ಅರಿಜೋನಾದ ಟೂಸಾನ್ ನಗರದ ಒಂದು ಚರ್ಚ್ 1982ರಲ್ಲಿ ಬಹಿರಂಗವಾಗಿಯೇ ಇಂತಹವರಿಗೆ ತನ್ನ ಆವರಣದಲ್ಲಿ ಆಶ್ರಯವಿತ್ತಿತು. ನೂರಾರು ಚರ್ಚುಗಳು ಅದನ್ನು ಅನುಸರಿಸಿದವು. ಆ ಒತ್ತಡದ ಫಲವಾಗಿ 1990ರ ವಲಸೆ ಕಾಯ್ದೆಯಲ್ಲಿ ‘ತಾತ್ಕಾಲಿಕ ರಕ್ಷಿತ ಸ್ಥಾನ’ ಎಂಬ ಏರ್ಪಾಡು ಸೇರಿತು. ಯುದ್ಧವೋ ಪ್ರಕೃತಿ ವಿಕೋಪವೋ ಸಂಭವಿಸಿ ಹಿಂದಿರುಗಲು ಸಾಧ್ಯವಿಲ್ಲದ ದೇಶಗಳ ಜನ, ಆಗಲೇ ಅಮೆರಿಕದಲ್ಲಿದ್ದವರಾದರೆ, ಒಂದು ಬಾರಿಗೆ 6ರಿಂದ 18 ತಿಂಗಳವರೆಗೆ ಅಲ್ಲಿದ್ದು ದುಡಿಯಬಹುದು. 2015ರ ಭೂಕಂಪದ ಬಳಿಕ ನೇಪಾಳಕ್ಕೂ ಇದು ದೊರೆಯಿತು. ಹೆಸರಿಗೆ ತಾತ್ಕಾಲಿಕವಾದರೂ 2001ರ ಭೂಕಂಪಗಳ ನಂತರ ಎಲ್ ಸಾಲ್ವಡಾರಿಗೆ ಕೊಟ್ಟದ್ದು ಎರಡು ದಶಕಗಳನ್ನೂ ಮೀರಿ ನವೀಕರಣಗೊಳ್ಳುತ್ತ ಹೋಯಿತು. ಬಾಡಿಗೆ ಮನೆಯಲ್ಲಿ ಹನ್ನೊಂದು ತಿಂಗಳ ಕರಾರಿನ ಮೇಲೆ ಇಪ್ಪತ್ತು ವರ್ಷ ಸಂಸಾರ ಮಾಡಿದಂತೆ. ಕರಾರು ಯಾವಾಗ ಮುರಿಯುವುದೋ ಎಂಬ ಭಯ ಸುಳ್ಳಲ್ಲವೆಂಬುದು 2025ರಲ್ಲಿ ಕಂಡಿತು. ಆ ವರ್ಷ ವೆನೆಜುವೆಲಾ, ಹೊಂಡುರಾಸ್, ನೇಪಾಳ ಮೊದಲಾದ ದೇಶಗಳವರ ರಕ್ಷಣೆಯನ್ನು ಕೊನೆಗೊಳಿಸುವ ಆದೇಶಗಳು ಹೊರಟು, ನ್ಯಾಯಾಲಯಗಳ ಮೆಟ್ಟಿಲೇರಿದವು.

ಇದೇ 1990ರ ಕಾಯ್ದೆಯಲ್ಲಿ ನಮಗೆ ಹತ್ತಿರದ ಇನ್ನೊಂದು ವಿಧಿ ಅಡಗಿದೆ. ಭಾರತ ಮತ್ತು ನೇಪಾಳಗಳಲ್ಲಿ ನೆಲೆಸಿದ್ದ 1,000 ಟಿಬೆಟಿಯನ್ನರಿಗೆ ಅದು ಅಮೆರಿಕದ ವಲಸೆ ವೀಸಾಗಳನ್ನು ಮೀಸಲಿಟ್ಟಿತು. ಪಿರಿಯಾಪಟ್ಟಣದ ಬಳಿಯ ಬೈಲಕುಪ್ಪೆಯನ್ನು ನೀವೆಲ್ಲ ನೋಡಿದ್ದೀರಿ. ಶಾಲಾ ಪ್ರವಾಸದಲ್ಲಿ ಕುಶಾಲನಗರದ ದಾರಿಯಲ್ಲಿ ಅಲ್ಲಿನ ಚಿನ್ನದ ಬಣ್ಣದ ಬುದ್ಧ ವಿಗ್ರಹಗಳ ಮುಂದೆ ನಿಂತವರೇ. ಅಂದಿನ ಮೈಸೂರು ರಾಜ್ಯ ಕೊಟ್ಟ ಸುಮಾರು 3,000 ಎಕರೆ ಕಾಡಿನ ನೆಲಕ್ಕೆ ಅವರು 1960ರ ಕೊನೆಯಲ್ಲಿ ಬಂದರು. ಆನೆಗಳ ಕಾಟದ ನಡುವೆ ಕಾಡು ಕಡಿದು ಮುಸುಕಿನ ಜೋಳ ಬೆಳೆದರು. 1966ರಿಂದ ಮುಂಡಗೋಡಿನಲ್ಲಿಯೂ ನೆಲೆಯಾಯಿತು. ಭಾರತವು 1951ರ ಒಡಂಬಡಿಕೆಗೆ ಸಹಿ ಹಾಕಿದ ದೇಶವಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾಯ್ದೆಯೂ ನಮ್ಮಲ್ಲಿಲ್ಲ. ಆದರೂ ನಮ್ಮ ರಾಜ್ಯ ನೆಲ ಕೊಟ್ಟಿತು, ಶಾಲೆ ಕೊಟ್ಟಿತು. ಇದು ನಾವು ಹೆಮ್ಮೆಪಡಬೇಕಾದ ಸಂಗತಿ. ಜೊತೆಗೇ ಒಂದು ಮಾತನ್ನು ಸೇರಿಸಬೇಕು: ಕಾಯ್ದೆಯಿಲ್ಲದ ದಯೆಗೆ ಕಾಲಮಿತಿ ಇರುತ್ತದೆ. ಅಲ್ಲಿಯ ಹಿರಿಯರು ತಮ್ಮ ನೋಂದಣಿ ಪತ್ರವನ್ನು ಮತ್ತೆ ಮತ್ತೆ ನವೀಕರಿಸಿಕೊಳ್ಳುತ್ತ ಮುಪ್ಪಾದರು. ಇಲ್ಲಿಯೇ ಹುಟ್ಟಿದ ಅವರ ಮಕ್ಕಳಲ್ಲಿ, 1950ರಿಂದ 1987ರ ನಡುವೆ ಜನಿಸಿದವರು ಕಾಯ್ದೆಯ ಪ್ರಕಾರ ಭಾರತದ ಪೌರರೇ ಎಂಬುದು ದೆಹಲಿ ಹೈಕೋರ್ಟಿನ 2010ರ ತೀರ್ಪಿನಿಂದ ಸ್ಥಿರಪಟ್ಟಿತು. ಅಂದರೆ ಹಕ್ಕು ಮೊದಲೇ ಇತ್ತು. ಅದನ್ನು ಕಾಗದದ ಮೇಲೆ ಕಾಣಲು ನ್ಯಾಯಾಲಯ ಬೇಕಾಯಿತು.

ಎರಡನೆಯ ದಾರಿ ಹೆಂಡತಿಯರದು. ಅಮೆರಿಕದ ಪೌರನನ್ನು ಮದುವೆಯಾಗಿ ಹೋದ ಹೆಣ್ಣಿಗೆ ಅಲ್ಲಿ ನೆಲೆಸುವ ಹಕ್ಕು ಬರಬೇಕಾದರೆ ಗಂಡನೇ ಅರ್ಜಿ ಹಾಕಬೇಕಾಗಿತ್ತು. ಗಂಡ ಹೊಡೆಯುವವನಾದರೆ ಆ ಅರ್ಜಿಯೇ ಅವನ ಕೈಯ ದೊಣ್ಣೆ. ‘ಬಾಯಿ ಬಿಟ್ಟರೆ ಅರ್ಜಿ ಹಿಂತೆಗೆದುಕೊಳ್ಳುತ್ತೇನೆ’ ಎಂಬ ಒಂದು ಮಾತು ಸಾಕು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಗೆ ಇದಕ್ಕಿಂತ ತಕ್ಕ ಉದಾಹರಣೆ ಬೇಕಿಲ್ಲ. 1994ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧದ ಕಾಯ್ದೆ ಈ ಗಂಟನ್ನು ಬಿಚ್ಚಿತು. ಗಂಡ ಪೌರನೋ ಗ್ರೀನ್ ಕಾರ್ಡುಳ್ಳವನೋ ಆಗಿದ್ದರೆ, ಹಿಂಸೆಗೊಳಗಾದ ಹೆಂಡತಿ ಅವನಿಗೆ ತಿಳಿಸದೆಯೇ ತಾನೇ ಅರ್ಜಿ ಹಾಕಬಹುದು. ಹಿಂಸೆಗೊಳಗಾದ ಗಂಡಂದಿರಿಗೂ ಮಕ್ಕಳಿಗೂ ಇದೇ ಅವಕಾಶವುಂಟು.

ಆದರೆ ನಮ್ಮ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರ ಗಂಡಂದಿರು ಎಚ್-1ಬಿ ವೀಸಾದಲ್ಲಿರುವವರು. ಹೆಂಡತಿಯರದು ಅದಕ್ಕೆ ಅಂಟಿಕೊಂಡ ಎಚ್-4. ಅವರಿಗೆ ಈ ದಾರಿ ತೆರೆಯಲಿಲ್ಲ. 2006ರ ಜನವರಿಯಲ್ಲಿ ಸಹಿಯಾದ ತಿದ್ದುಪಡಿಯು ಹಿಂಸೆಗೊಳಗಾದ ಇಂತಹವರಿಗೆ ಕೆಲಸ ಮಾಡುವ ಪರವಾನಗಿ ಕೊಡಬಹುದೆಂದಿತು. ಅದಕ್ಕೆ ಬೇಕಾದ ಅರ್ಜಿ ನಮೂನೆ ಬಂದದ್ದು 2017ರಲ್ಲಿ. ಹನ್ನೊಂದು ವರ್ಷ! ಸರ್ಕಾರಿ ಕಡತಗಳ ನಡಿಗೆ ಎಲ್ಲ ದೇಶಗಳಲ್ಲಿಯೂ ಒಂದೇ ಎಂದು ನಮ್ಮ ತಾಲ್ಲೂಕು ಕಚೇರಿಯನ್ನು ಕಂಡವರು ಸಮಾಧಾನ ಪಟ್ಟುಕೊಳ್ಳಬಹುದೇನೋ. ಈ ಅವಧಿಯಲ್ಲಿ ಅವರ ಕೈ ಹಿಡಿದದ್ದು ನ್ಯೂಜೆರ್ಸಿಯಲ್ಲಿ 1985ರಲ್ಲಿ ಹುಟ್ಟಿದ ‘ಮಾನವಿ’, ನ್ಯೂಯಾರ್ಕಿನ ‘ಸಖಿ’, ಕ್ಯಾಲಿಫೋರ್ನಿಯಾದ ‘ಮೈತ್ರಿ’, ‘ನಾರಿಕಾ’ಗಳಂತಹ ದಕ್ಷಿಣ ಏಷ್ಯಾದ ಸ್ತ್ರೀಯರ ಸಂಸ್ಥೆಗಳು.

ಮೂರನೆಯ ದಾರಿ ದುಡಿಯುವವರದು. 1995ರ ಆಗಸ್ಟ್ 2ರಂದು ಲಾಸ್ ಏಂಜಲಿಸ್ ಸಮೀಪದ ಎಲ್ ಮಾಂಟೆಯಲ್ಲಿ ಮುಳ್ಳುತಂತಿಯ ಬೇಲಿಯೊಳಗಿನ ಮನೆಗಳಿಂದ 72 ಮಂದಿ ಥಾಯ್ ಕಾರ್ಮಿಕರನ್ನು ಬಿಡುಗಡೆಗೊಳಿಸಲಾಯಿತು. ಹಗಲಿರುಳು ಬಟ್ಟೆ ಹೊಲಿಸಿಕೊಳ್ಳುತ್ತ ಅವರನ್ನು ಅಲ್ಲಿ ಕೂಡಿಹಾಕಿದ್ದರು. ಕೆಲವರು ಏಳು ವರ್ಷಗಳಿಂದ ಹೊರಗಿನ ಬೀದಿಯನ್ನು ಕಂಡಿರಲಿಲ್ಲ. ಬಿಡಿಸಿದ ಸರ್ಕಾರವೇ ಅವರನ್ನು ಮೊದಲು ಒಯ್ದದ್ದು ವಲಸೆ ಇಲಾಖೆಯ ಬಂಧನಕ್ಕೆ, ಏಕೆಂದರೆ ಅವರಲ್ಲಿ ಸರಿಯಾದ ಕಾಗದಗಳಿರಲಿಲ್ಲ. ಅಪರಾಧಕ್ಕೆ ಬಲಿಯಾದವರೇ ಅಪರಾಧಿಗಳ ಉಡುಪು ತೊಟ್ಟು ನಿಂತ ಆ ದೃಶ್ಯ ಅನೇಕರ ಕಣ್ಣು ತೆರೆಸಿತು. 2000ದ ಅಕ್ಟೋಬರ್ 28ರಂದು ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಕಾಯ್ದೆಯು ಎರಡು ಹೊಸ ವೀಸಾಗಳನ್ನು ಸೃಷ್ಟಿಸಿತು. ಮಾನವ ಸಾಗಣೆಗೆ ಬಲಿಯಾದವರಿಗೆ ‘ಟಿ’, ವರ್ಷಕ್ಕೆ 5,000. ಗೃಹಹಿಂಸೆ, ಅತ್ಯಾಚಾರ, ಒತ್ತೆಯಾಗಿಡುವಿಕೆ ಮುಂತಾದ ಘೋರ ಅಪರಾಧಗಳಿಗೆ ತುತ್ತಾಗಿ ತನಿಖೆಗೆ ನೆರವಾದವರಿಗೆ ‘ಯು’, ವರ್ಷಕ್ಕೆ 10,000. ಇದರಲ್ಲಿ ಕರುಣೆಯೊಂದೇ ಅಲ್ಲ, ವ್ಯವಹಾರಜ್ಞಾನವೂ ಇದೆ. ಗಡೀಪಾರಿನ ಭಯವಿರುವವನು ಪೊಲೀಸರ ಬಳಿ ಹೋಗುವುದಿಲ್ಲ. ಅವನು ಹೋಗದಿದ್ದರೆ ಅಪರಾಧಿ ಸಿಗುವುದಿಲ್ಲ.

ಈ ಕಾಯ್ದೆ ನಮ್ಮವರಿಗೇ ಒದಗಿದ ಪ್ರಸಂಗವೊಂದುಂಟು. 2005ರ ಆಗಸ್ಟಿನಲ್ಲಿ ಕಟ್ರೀನಾ ಚಂಡಮಾರುತವು ಅಮೆರಿಕದ ದಕ್ಷಿಣ ಕರಾವಳಿಯನ್ನು ಧ್ವಂಸ ಮಾಡಿತು. ಸಮುದ್ರದ ಎಣ್ಣೆಬಾವಿಗಳ ವೇದಿಕೆಗಳನ್ನು ದುರಸ್ತಿ ಮಾಡುತ್ತಿದ್ದ ಸಿಗ್ನಲ್ ಇಂಟರ್‌ನ್ಯಾಷನಲ್ ಎಂಬ ಕಂಪನಿಯು ಮಿಸಿಸಿಪ್ಪಿಯ ಪ್ಯಾಸ್ಕಗೂಲಾ ಹಾಗೂ ಟೆಕ್ಸಾಸಿನ ಆರೆಂಜ್ ಎಂಬಲ್ಲಿಗೆ ಸುಮಾರು 500 ಮಂದಿ ಭಾರತೀಯ ವೆಲ್ಡರುಗಳನ್ನೂ ಪೈಪ್ ಜೋಡಿಸುವವರನ್ನೂ ತರಿಸಿಕೊಂಡಿತು. ಗ್ರೀನ್ ಕಾರ್ಡ್ ಕೊಡಿಸುತ್ತೇವೆಂದು ನಂಬಿಸಿ ದಲ್ಲಾಳಿಗಳು ಒಬ್ಬೊಬ್ಬರಿಂದ 10,000 ಡಾಲರಿನಿಂದ 20,000 ಡಾಲರಿನವರೆಗೆ ವಸೂಲು ಮಾಡಿದ್ದರು. ಅವರಲ್ಲಿ ಹಲವರು ಜಮೀನು ಮಾರಿದರು, ಹೆಂಡತಿಯ ಒಡವೆ ಅಡವಿಟ್ಟರು, ಬಡ್ಡಿಗೆ ಸಾಲ ಮಾಡಿದರು. ಹೋಗಿ ನೋಡಿದರೆ ಕೈಗೆ ಬಂದದ್ದು ಹತ್ತು ತಿಂಗಳ ಎಚ್-2ಬಿ ವೀಸಾ. ಅದೂ ಆ ಒಬ್ಬ ಯಜಮಾನನಿಗೇ ಕಟ್ಟಿಹಾಕಿದ್ದು. ಒಂದೊಂದು ಟ್ರೇಲರಿನಲ್ಲಿ 24 ಜನರ ವಾಸ. ಅದಕ್ಕೆ ಸಂಬಳದಿಂದ ತಿಂಗಳಿಗೆ 1,050 ಡಾಲರ್ ಕಡಿತ. 2007ರ ಮಾರ್ಚಿನಲ್ಲಿ ಸಂಘಟನೆಗೆ ಮುಂದಾದವರನ್ನು ಕಾವಲುಗಾರರು ಬೆಳಗಿನ ಜಾವ ಹಿಡಿದು ಕೂಡಿಹಾಕಿ ಊರಿಗೆ ಅಟ್ಟಲು ನೋಡಿದಾಗ, ಒಬ್ಬನು ಸಾಲದ ಭಾರ ನೆನೆದು ಮಣಿಕಟ್ಟು ಕೊಯ್ದುಕೊಂಡನು. ಅವನ ಜೀವ ಉಳಿಯಿತು.

2008ರ ಮಾರ್ಚ್ 6ರಂದು ನೂರರಷ್ಟು ಕಾರ್ಮಿಕರು ಕಾರ್ಖಾನೆಯ ಬಾಗಿಲಲ್ಲಿ ತಮ್ಮ ಗಟ್ಟಿ ಟೊಪ್ಪಿಗೆಗಳನ್ನು ಎಸೆದು ಹೊರನಡೆದರು. ಹೊರಬಂದ ಗಳಿಗೆಯಲ್ಲಿಯೇ ಅವರ ವೀಸಾದ ಆಧಾರ ಕಳಚಿತು. ಅಂದರೆ ಅನ್ಯಾಯವನ್ನು ಪ್ರತಿಭಟಿಸಿದ್ದಕ್ಕೇ ಅವರು ‘ಅಕ್ರಮ’ರಾದರು. ಸಾಕೇತ್ ಸೋನಿ ಎಂಬ ಭಾರತೀಯ ತರುಣ ಸಂಘಟಕರ ಜೊತೆಗೂಡಿ, ಗಾಂಧೀಜಿಯ ಸತ್ಯಾಗ್ರಹವನ್ನು ನೆನೆದು, ನ್ಯೂ ಓರ್ಲಿಯನ್ಸಿನಿಂದ ವಾಷಿಂಗ್ಟನ್ನಿಗೆ ಯಾತ್ರೆ ಹೊರಟರು. ಅಲ್ಲಿ ಮೇ ಮತ್ತು ಜೂನ್ ತಿಂಗಳಲ್ಲಿ ಉಪವಾಸ ಕುಳಿತರು. ಅವರು ಬೇಡಿದ್ದು ತಾವು ಮಾನವ ಸಾಗಣೆಗೆ ಬಲಿಯಾದವರೆಂಬ ಮನ್ನಣೆಯನ್ನು. ಮುಂದೆ ಅವರಲ್ಲಿ ಅನೇಕರಿಗೆ ಟಿ ವೀಸಾ ದೊರೆಯಿತು. 2015ರ ಫೆಬ್ರುವರಿಯಲ್ಲಿ ನ್ಯೂ ಓರ್ಲಿಯನ್ಸಿನ ನ್ಯಾಯಾಲಯದ ಜ್ಯೂರಿ ಐವರು ಕಾರ್ಮಿಕರಿಗೆ 1 ಕೋಟಿ 40 ಲಕ್ಷ ಡಾಲರ್ ಪರಿಹಾರ ವಿಧಿಸಿತು. ಅದೇ ಜುಲೈನಲ್ಲಿ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿ, ಮಿಕ್ಕವರೊಡನೆ 2 ಕೋಟಿ ಡಾಲರಿನ ರಾಜಿಗೆ ಒಪ್ಪಿ ಕ್ಷಮೆ ಕೋರಿತು. ಹೆಚ್ಚು ಓದದ ವೆಲ್ಡರುಗಳು ಪರದೇಶದ ಕಾಯ್ದೆಯೊಂದರ ಅರ್ಥವನ್ನು ಅಲ್ಲಿಯ ಸರ್ಕಾರಕ್ಕೇ ತಿಳಿಸಿಕೊಟ್ಟರು.

ಆದರೆ ಕಾಯ್ದೆ ಇದ್ದೂ ಸರದಿ ಬಾರದಿದ್ದರೆ? ‘ಯು’ ವೀಸಾದ ನಿಯಮಾವಳಿಯೇ 2007ರವರೆಗೆ ಹೊರಬರಲಿಲ್ಲ. ವರ್ಷಕ್ಕೆ 10,000ದ ಮಿತಿ 2010ರಲ್ಲಿ ಮೊದಲ ಸಲ ಮುಟ್ಟಿತು. ಅಲ್ಲಿಂದ ಸಾಲು ಬೆಳೆಯುತ್ತಲೇ ಹೋಗಿ, ಕುಟುಂಬದವರನ್ನೂ ಸೇರಿಸಿದರೆ 2022ರ ಹೊತ್ತಿಗೆ ಮೂರು ಲಕ್ಷ ದಾಟಿತ್ತು. ವಿಚಿತ್ರವೆಂದರೆ ‘ಟಿ’ ವೀಸಾದ 5,000ದ ಮಿತಿ ಮೊದಲ ಎರಡು ದಶಕಗಳಲ್ಲಿ ಒಮ್ಮೆಯೂ ತುಂಬಲಿಲ್ಲ. ಒಂದು ಬಾಗಿಲ ಮುಂದೆ ಜನಜಂಗುಳಿ, ಪಕ್ಕದ ಬಾಗಿಲು ಇದೆಯೆಂಬುದೇ ಜನರಿಗೆ ತಿಳಿಯದು.

ಈ ಸಾಲಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳೂ ಇದ್ದಾಳೆ. ಹೆಸರು, ಊರು ಬರೆಯುವುದಿಲ್ಲ. ಅವಳ ಅನುಮತಿ ಪಡೆದೇ ಇಷ್ಟನ್ನು ಬರೆಯುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಅವಳ ತಾಯಿ ನನ್ನಲ್ಲಿಗೆ ಬಂದು, ‘ಮೇಷ್ಟ್ರೇ, ನಿಮ್ಮ ಮಾತೆಂದರೆ ಅವಳಿಗೆ ಗೌರವ. ಸ್ವಲ್ಪ ಹೊಂದಿಕೊಂಡು ಹೋಗು ಅಂತ ನೀವೊಂದು ಮಾತು ಹೇಳಿ’ ಎಂದು ಕೇಳಿದರು. ನಾನು ದೂರವಾಣಿಯಲ್ಲಿ ಮಾತನಾಡಿದೆ. ಗಂಡ ಅವಳ ಪಾಸ್‌ಪೋರ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದನು. ‘ಸಾರ್, ಅವರು ಹೊಡೆಯೋದಕ್ಕಿಂತ, ನಿನ್ನನ್ನ ವಾಪಸ್ ಕಳಿಸಿಬಿಡ್ತೀನಿ ಅನ್ನೋದೇ ಜಾಸ್ತಿ ಭಯ. ಮಗು ಇಲ್ಲೇ ಉಳಿದುಬಿಡುತ್ತೆ ಸಾರ್’ ಎಂದಳು. ಹೊಂದಿಕೊಂಡು ಹೋಗು ಎಂಬ ಮಾತು ನನ್ನ ಬಾಯಿಂದ ಹೊರಡಲಿಲ್ಲ. ನಿನ್ನ ಊರಿನಲ್ಲಿ ಸ್ತ್ರೀಯರ ಸಂಸ್ಥೆ ಇದೆಯೇ ನೋಡಮ್ಮ, ವಕೀಲರನ್ನು ಕೇಳು ಎಂದೆ. ಅವಳು ಪೊಲೀಸರಿಗೆ ದೂರಿತ್ತಳು. ‘ಯು’ ಅರ್ಜಿ ಹಾಕಿದಳು. ಇಂತಹ ಅರ್ಜಿದಾರರಿಗೆ 2021ರಿಂದ ಪ್ರಾಥಮಿಕ ಪರಿಶೀಲನೆಯ ಮೇಲೆ ದೊರೆಯತೊಡಗಿದ ಕೆಲಸದ ಪರವಾನಗಿ ಅವಳಿಗೂ ಸಿಕ್ಕಿದೆ, ಮಗು ಜೊತೆಯಲ್ಲಿದೆ. ವೀಸಾ ಇನ್ನೂ ಬಂದಿಲ್ಲ. ಅವಳ ತಾಯಿ ನನ್ನೊಡನೆ ಒಂದು ವರ್ಷ ಮಾತು ಬಿಟ್ಟಿದ್ದರು. ಈಗ ಆಡುತ್ತಾರೆ.

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ನಮ್ಮಲ್ಲಿದೆ. ಅದನ್ನು ಇಂದಿಗೂ ನಂಬುವ ತಂದೆತಾಯಿಯರನ್ನು ಕಂಡಾಗ ನನಗೆ 1921ರ ಆ ಆಜ್ಞೆ ನೆನಪಾಗುತ್ತದೆ. ಹೊರಗೆ ಹೋದವರ ಪೌರತ್ವವನ್ನು ಕಿತ್ತುಹಾಕುವ ಕೆಲಸವನ್ನು ಸರ್ಕಾರಗಳು ಮಾತ್ರವೇ ಮಾಡುವುದಿಲ್ಲ. ಮನೆಗಳೂ ಮಾಡುತ್ತವೆ.

ಈ ಬರಹವನ್ನು ಓದುತ್ತಿರುವ ನೀವು ಮಗಳನ್ನೋ ಸೊಸೆಯನ್ನೋ ತಮ್ಮನನ್ನೋ ಹೊರದೇಶಕ್ಕೆ ಕಳುಹಿಸುವವರಿದ್ದರೆ, ಈ ಮೇಷ್ಟರ ಎರಡು ಮಾತುಗಳನ್ನು ನಡೆಸಿಕೊಡಿ. ಅವರ ಪಾಸ್‌ಪೋರ್ಟ್, ವೀಸಾ, ಮದುವೆಯ ನೋಂದಣಿ ಪತ್ರ, ಉದ್ಯೋಗದ ಕರಾರು ಇವುಗಳ ಪ್ರತಿಗಳನ್ನು ಊರಿನಲ್ಲಿ ಒಂದು ಕಡೆ ಇಟ್ಟುಕೊಳ್ಳಿ. ಮೂಲಪತ್ರಗಳು ಅವರವರ ಕೈಯಲ್ಲಿಯೇ ಇರಬೇಕೆಂದು ಹೊರಡುವ ಮುನ್ನ ಎಲ್ಲರೆದುರಿಗೂ ಸ್ಪಷ್ಟವಾಗಿ ಹೇಳಿ. ಹೊರದೇಶದಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ: ನೀವಿರುವ ಊರಿನಲ್ಲಿ ಇಂತಹ ನೆರವು ನೀಡುವ ಸಂಸ್ಥೆಯ ವಿವರವನ್ನು ನಿಮ್ಮ ಕನ್ನಡ ಕೂಟದ ಪತ್ರಿಕೆಯಲ್ಲಿ ರಾಜ್ಯೋತ್ಸವದ ವರದಿಯ ಪಕ್ಕದಲ್ಲಿ ಅಚ್ಚು ಮಾಡಿಸಿ. ಬೇಕಾದವರು ಕೇಳುವುದಿಲ್ಲ, ಕಣ್ಣಿಗೆ ಬಿದ್ದರೆ ಓದಿಕೊಳ್ಳುತ್ತಾರೆ.

ಮುಂದಿನ ಸಲ, 1960ರಲ್ಲಿ ಬೈಲಕುಪ್ಪೆಯ ಕಾಡು ಹೇಗಿತ್ತೆಂಬುದನ್ನು ಅಲ್ಲಿಯ ಹಿರಿಯರಿಂದ ಕೇಳಿದಷ್ಟನ್ನು ಬರೆಯುತ್ತೇನೆ.